ಗೋಧಿ ಆಗದವರಿಗೂ ಹಬ್ಬದ ಎಲೆ ತುಂಬಲಿ

ಯುಗಾದಿಗೆ ಹೋಳಿಗೆ, ಗಣೇಶ ಚೌತಿಗೆ ಕರಿದ ಕಡುಬು, ದೀಪಾವಳಿಗೆ ಕರ್ಜಿಕಾಯಿ, ಸತ್ಯನಾರಾಯಣ ಪೂಜೆಗೆ ರವೆಯ ಪ್ರಸಾದ, ಬೇಸಿಗೆ ರಜೆಯ ಪ್ರಯಾಣಕ್ಕೆ ಚಪಾತಿ ಪಲ್ಯದ ಗಂಟು. ಹೈದರಾಬಾದಿನಲ್ಲಿ ನೆಲೆಸಿರುವ ಕನ್ನಡಿಗರು ಬೀದರ್, ಕಲಬುರಗಿ, ರಾಯಚೂರು ಕಡೆಯವರಾಗಲಿ, ಧಾರವಾಡ, ಮೈಸೂರು, ಉಡುಪಿ ಕಡೆಯವರಾಗಲಿ, ವರ್ಷದ ಸಂತೋಷದ ದಿನಗಳನ್ನು ಲೆಕ್ಕ ಹಾಕಿದರೆ ಬಹಳಷ್ಟು ದಿನಗಳಲ್ಲಿ ಗೋಧಿ ಒಂದಲ್ಲ ಒಂದು ರೂಪದಲ್ಲಿ ಎಲೆಗೆ ಬಂದೇ ಬರುತ್ತದೆ. ಆದರೆ ಪಂಕ್ತಿಯಲ್ಲಿ ಕುಳಿತವರಲ್ಲಿ ಒಬ್ಬರಿಗೆ ಗೋಧಿಯೇ ಆಗದಿದ್ದರೆ? ಅವರ ಎಲೆಯಲ್ಲಿ ಉಳಿಯುವುದು ಬರೀ ಅನ್ನ, ಮೊಸರು, ಮತ್ತು ಅಕ್ಕಪಕ್ಕದವರ ಪ್ರಶ್ನೆಗಳು.

ಇದು ಎಲ್ಲೋ ವಿದೇಶದ ಸಮಾಚಾರವಲ್ಲ. ನನ್ನ ತಂಗಿಯ ಮಗಳಿಗೆ ಒಂಬತ್ತನೇ ವಯಸ್ಸಿನಲ್ಲಿ ಸೀಲಿಯಾಕ್ ಎಂಬ ರೋಗವಿರುವುದು ಗೊತ್ತಾಯಿತು. ಅದಕ್ಕೆ ಮುಂಚೆ ಎರಡು ವರ್ಷ ಆಕೆ ಎತ್ತರ ಬೆಳೆದಿರಲಿಲ್ಲ. ರಕ್ತ ಕಡಿಮೆ ಎಂದು ಕಬ್ಬಿಣದ ಮಾತ್ರೆ ಕೊಟ್ಟರೂ ಏರುತ್ತಿರಲಿಲ್ಲ, ಹೊಟ್ಟೆ ಉಬ್ಬರ ಬಿಡುತ್ತಿರಲಿಲ್ಲ. ಇಂದು ಆಕೆ ಕಾಲೇಜಿಗೆ ಹೋಗುತ್ತಿದ್ದಾಳೆ, ಆರೋಗ್ಯವಾಗಿದ್ದಾಳೆ. ಔಷಧಿ ಏನೂ ಇಲ್ಲ, ಗೋಧಿ ಬಿಟ್ಟದ್ದೇ ಔಷಧಿ. ಈ ವರ್ಷಗಳಲ್ಲಿ ನಮ್ಮ ಕುಟುಂಬ ಹಬ್ಬ, ಮದುವೆ, ಯಾತ್ರೆಗಳಲ್ಲಿ ಕಂಡುಕೊಂಡದ್ದನ್ನು ಸಂಘದ ಬಂಧುಗಳ ಮುಂದಿಡುವುದು ಈ ಲೇಖನದ ಉದ್ದೇಶ.

ಏನಿದು ಸೀಲಿಯಾಕ್?

ಗೋಧಿ, ಬಾರ್ಲಿ (ಜವೆಗೋಧಿ) ಮತ್ತು ರೈ ಎಂಬ ಧಾನ್ಯಗಳಲ್ಲಿ ಗ್ಲೂಟೆನ್ ಎಂಬ ಪ್ರೋಟೀನ್ ಇದೆ. ಹೋಳಿಗೆಯ ಕಣಕ ಎಳೆದಷ್ಟೂ ಹರಿಯದೆ ಬರುವುದು ಇದರ ಅಂಟಿನಿಂದಲೇ. ಸೀಲಿಯಾಕ್ ಇರುವವರ ದೇಹ ಈ ಗ್ಲೂಟೆನ್ ಒಳಹೊಕ್ಕಾಗ ತನ್ನ ಸಣ್ಣ ಕರುಳಿನ ಒಳಪದರದ ಮೇಲೆ ತಾನೇ ದಾಳಿ ಮಾಡುತ್ತದೆ. ಆಹಾರವನ್ನು ಹೀರಿಕೊಳ್ಳುವ ಕರುಳಿನ ಸೂಕ್ಷ್ಮ ಎಳೆಗಳು ಸವೆದುಹೋಗುತ್ತವೆ. ಆಮೇಲೆ ಎಷ್ಟೇ ಪೌಷ್ಟಿಕ ಆಹಾರ ತಿಂದರೂ ಮೈಗೆ ಹತ್ತುವುದಿಲ್ಲ. ಭೇದಿ, ಹೊಟ್ಟೆ ಉಬ್ಬರ, ರಕ್ತಹೀನತೆ, ಮಕ್ಕಳಲ್ಲಿ ಬೆಳವಣಿಗೆ ಕುಂಠಿತ, ದೊಡ್ಡವರಲ್ಲಿ ಮೂಳೆ ಸವೆತ ಇದರ ಲಕ್ಷಣಗಳು. ಕೆಲವರಿಗೆ ಹೊಟ್ಟೆಯ ತೊಂದರೆಯೇ ಇರುವುದಿಲ್ಲ, ಬರೀ ಆಯಾಸ ಇರುತ್ತದೆ.

ಗೋಧಿಗೂ ಈ ರೋಗಕ್ಕೂ ಇರುವ ನಂಟನ್ನು ತೋರಿಸಿಕೊಟ್ಟವರು ನೆದರ್ಲೆಂಡ್ಸ್‌ನ ಮಕ್ಕಳ ವೈದ್ಯ ವಿಲ್ಲೆಮ್ ಡಿಕ್ಕೆ. ಎರಡನೇ ಮಹಾಯುದ್ಧದ 1944-45ರ ಚಳಿಗಾಲದಲ್ಲಿ ಅಲ್ಲಿ ಘೋರ ಕ್ಷಾಮ ಬಿದ್ದು ಬ್ರೆಡ್ಡಿಗೂ ಅಭಾವವಾಯಿತು. ಊರೆಲ್ಲ ಸೊರಗುತ್ತಿದ್ದಾಗ ಈ ರೋಗದ ಮಕ್ಕಳು ಮಾತ್ರ ಸುಧಾರಿಸಿದರು. ಗೋಧಿ ತಿಂದರೆ ರೋಗ ಮರಳುತ್ತದೆ ಎಂಬ ತಮ್ಮ ಅಧ್ಯಯನವನ್ನು ಅವರು 1950ರಲ್ಲಿ ಪ್ರಬಂಧವಾಗಿ ಮಂಡಿಸಿದರು.

ರಕ್ತ ಪರೀಕ್ಷೆಯಿಂದ ಸಂದೇಹ ಬಂದರೆ ಎಂಡೋಸ್ಕೋಪಿ ಮಾಡಿ ಕರುಳಿನ ಚೂರು ತೆಗೆದು ಖಚಿತಪಡಿಸಿಕೊಳ್ಳುತ್ತಾರೆ. ಒಂದು ಎಚ್ಚರಿಕೆ: ಪರೀಕ್ಷೆ ಮುಗಿಯುವವರೆಗೆ ಗೋಧಿ ಬಿಡಬಾರದು. ಮೊದಲೇ ಬಿಟ್ಟರೆ ಪರೀಕ್ಷೆಯಲ್ಲಿ ರೋಗ ಕಾಣಿಸದೇ ಹೋಗಬಹುದು. ಮನೆಯಲ್ಲಿ ಒಬ್ಬರಿಗೆ ಇದ್ದರೆ ತಂದೆ ತಾಯಿ, ಒಡಹುಟ್ಟಿದವರು, ಮಕ್ಕಳೂ ಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು.

ದಕ್ಷಿಣದಲ್ಲಿ ಕಡಿಮೆ, ಆದ್ದರಿಂದಲೇ ಕಷ್ಟ

2016ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ದೇಶದ ಉತ್ತರ, ಈಶಾನ್ಯ ಮತ್ತು ದಕ್ಷಿಣ ಭಾಗಗಳ 23,331 ವಯಸ್ಕರ ರಕ್ತವನ್ನು ಪರೀಕ್ಷಿಸಲಾಯಿತು. ಸೀಲಿಯಾಕ್ ಸೂಚಿಸುವ ಪ್ರತಿಕಾಯಗಳು ಉತ್ತರದಲ್ಲಿ ಶೇ. 1.23 ಜನರಲ್ಲಿ ಕಂಡರೆ ಈಶಾನ್ಯದಲ್ಲಿ ಶೇ. 0.87, ದಕ್ಷಿಣದಲ್ಲಿ ಕೇವಲ ಶೇ. 0.10. ಅದೇ ಅಧ್ಯಯನದ ಪ್ರಕಾರ ಒಬ್ಬರು ದಿನಕ್ಕೆ ತಿನ್ನುವ ಗೋಧಿ ಉತ್ತರದಲ್ಲಿ ಸರಾಸರಿ 455 ಗ್ರಾಂ, ದಕ್ಷಿಣದಲ್ಲಿ 25 ಗ್ರಾಂ.

ಸಾವಿರಕ್ಕೆ ಒಬ್ಬರು ಎಂದರೆ ಸಮಾಧಾನದ ಸಂಗತಿಯೇ. ಆದರೆ ಆ ಒಬ್ಬರ ಪಾಲಿಗೆ ಇದೇ ಕಷ್ಟ. ದೆಹಲಿ, ಪಂಜಾಬಿನ ಕಡೆ ಈ ರೋಗದ ಹೆಸರನ್ನಾದರೂ ಕೇಳಿದವರು ಸಿಗುತ್ತಾರೆ. ನಮ್ಮಲ್ಲಿ ಬಂಧುಗಳು ಕೇಳಿಲ್ಲ, ಅಡುಗೆಯವರು ಕೇಳಿಲ್ಲ. ಎಷ್ಟೋ ಜನ ಇದನ್ನು ಪಥ್ಯ ಎಂದುಕೊಳ್ಳುತ್ತಾರೆ. ಪಥ್ಯ ಹಬ್ಬದ ದಿನ ಸ್ವಲ್ಪ ಸಡಿಲವಾಗುತ್ತದಲ್ಲ! ಇನ್ನು ಕೆಲವರು ಇದು ಅಮೆರಿಕದಿಂದ ಬಂದ ಫ್ಯಾಷನ್ ಎನ್ನುತ್ತಾರೆ. ತೂಕ ಇಳಿಸಲೆಂದು ಗೋಧಿ ಬಿಟ್ಟವರೂ ಇದ್ದಾರೆ, ನಿಜ. ಅವರು ಒಂದು ದಿನ ಹೋಳಿಗೆ ತಿಂದರೆ ಏನೂ ಆಗುವುದಿಲ್ಲ. ಸೀಲಿಯಾಕ್ ಇರುವವರ ಮಾತು ಬೇರೆ.

ಎಷ್ಟು ತಿಂದರೆ ಅಪಾಯ? 2007ರಲ್ಲಿ ಇಟಲಿಯ ಸಂಶೋಧಕರು ಪ್ರಕಟಿಸಿದಂತೆ ದಿನಕ್ಕೆ 50 ಮಿಲಿಗ್ರಾಂ ಗ್ಲೂಟೆನ್ ಮೂರು ತಿಂಗಳು ಹೊಟ್ಟೆಗೆ ಹೋದರೆ ಸಾಕು, ಕರುಳಿಗೆ ಹಾನಿಯಾಗುತ್ತದೆ. ಸುಮಾರು 30 ಗ್ರಾಂ ಹಿಟ್ಟಿನ ಒಂದು ಚಪಾತಿಯನ್ನು ಐವತ್ತು ಚೂರು ಮಾಡಿದರೆ ಅದರಲ್ಲಿ ಒಂದು ಚೂರಿನಷ್ಟು ಇದು. ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮದಂತೆ 'ಗ್ಲೂಟೆನ್ ಮುಕ್ತ' ಎಂದು ಚೀಟಿ ಹಚ್ಚಬೇಕಾದರೆ ಒಂದು ಕಿಲೋ ಪದಾರ್ಥದಲ್ಲಿ 20 ಮಿಲಿಗ್ರಾಂಗಿಂತ ಹೆಚ್ಚು ಗ್ಲೂಟೆನ್ ಇರಕೂಡದು. ನಮ್ಮ ಬ್ಯಾಂಕಿನ ಲೆಕ್ಕದಲ್ಲಿ ಹೇಳುವುದಾದರೆ ಸಾವಿರ ರೂಪಾಯಿಯಲ್ಲಿ ಎರಡು ಪೈಸೆ.

ಕಣ್ಣಿಗೆ ಕಾಣದ ಗೋಧಿ

ಚಪಾತಿ, ಪೂರಿ, ಬ್ರೆಡ್ಡು ಬಿಡುವುದು ಸುಲಭ. ತೊಂದರೆ ಕೊಡುವುದು ಅಡಗಿ ಕುಳಿತ ಗೋಧಿ. ಅದರಲ್ಲಿ ಮೊದಲನೆಯದು ಇಂಗು. ಅಂಗಡಿಯಲ್ಲಿ ಸಿಗುವ ಡಬ್ಬಿ ಇಂಗು ಶುದ್ಧ ಇಂಗಲ್ಲ. ಅಸಲು ಇಂಗಿನ ಘಾಟು ತಡೆಯಲಾಗದ್ದರಿಂದ ಅದಕ್ಕೆ ಗೋಂದು, ಪಿಷ್ಟ ಅಥವಾ ಧಾನ್ಯದ ಹಿಟ್ಟು ಬೆರೆಸಿ ಕೂಟು ಇಂಗು ಮಾಡುತ್ತಾರೆ. ಆ ಹಿಟ್ಟು ಬಹಳ ಸಲ ಗೋಧಿ ಅಥವಾ ಮೈದಾ ಆಗಿರುತ್ತದೆ. ಸಾರು, ಹುಳಿ, ಪುಳಿಯೋಗರೆ, ಉಪ್ಪಿನಕಾಯಿ, ಹಪ್ಪಳ, ಮಜ್ಜಿಗೆ, ಕೋಸಂಬರಿಯ ಒಗ್ಗರಣೆ, ಇಂಗು ಬೀಳದ ಜಾಗ ಯಾವುದು ಹೇಳಿ? ಅಕ್ಕಿ ಹಿಟ್ಟು ಬೆರೆಸಿದ ಇಂಗೂ ಮಾರುಕಟ್ಟೆಯಲ್ಲಿದೆ. ಡಬ್ಬಿಯ ಹಿಂದಿನ ಸಣ್ಣ ಅಕ್ಷರಗಳನ್ನು ಓದಬೇಕು ಅಷ್ಟೆ.

ಎರಡನೆಯದು ರವೆ ಎಂಬ ಮಾತು. ಇಡ್ಲಿ ರವೆ ಅಕ್ಕಿಯದು, ಅದು ಆಗುತ್ತದೆ. ಉಪ್ಪಿಟ್ಟಿನ ರವೆ, ಚಿರೋಟಿ ರವೆ, ನಮ್ಮ ತೆಲುಗು ನೆರೆಯವರು ಹೇಳುವ ಬೊಂಬಾಯಿ ರವ್ವ ಇವೆಲ್ಲ ಗೋಧಿಯವು. ಹೀಗಾಗಿ ಇಡ್ಲಿ ತಿನ್ನಬಹುದು, ರವೆ ಇಡ್ಲಿ ತಿನ್ನುವಂತಿಲ್ಲ. ಪೆಸರಟ್ಟು ತಿನ್ನಬಹುದು, ಅದರೊಳಗೆ ಉಪ್ಪಿಟ್ಟು ಇಟ್ಟು ಕೊಟ್ಟರೆ ತಿನ್ನುವಂತಿಲ್ಲ. ಮನೆಯಲ್ಲಿ ಒತ್ತಿದ ಅಕ್ಕಿ ಶಾವಿಗೆ ಆಗುತ್ತದೆ, ಪಾಯಸಕ್ಕೆ ತರುವ ಪ್ಯಾಕೆಟ್ ಶಾವಿಗೆ ಸಾಮಾನ್ಯವಾಗಿ ಗೋಧಿಯದು. ರಾಗಿ ಮುದ್ದೆ ಆಗುತ್ತದೆ, ಆದರೆ ರಾಗಿ ಬಿಸ್ಕತ್ತಿನಲ್ಲಿ ಸಾಮಾನ್ಯವಾಗಿ ಗೋಧಿ ಹಿಟ್ಟೋ ಮೈದಾವೋ ಸೇರಿರುತ್ತದೆ. ಮನೆಯಲ್ಲಿ ರಾಗಿ ಮೊಳಕೆ ಕಟ್ಟಿ ಮಾಡಿದ ಮಾಲ್ಟ್ ಸರಿ, ಬಾರ್ಲಿ ಮಾಲ್ಟ್ ಸೇರಿದ ಹಾಲಿನ ಪುಡಿಗಳು ಸರಿಯಲ್ಲ. ನಿಪ್ಪಟ್ಟು, ಕೋಡುಬಳೆಗೆ ಗರಿಗರಿಯಾಗಲೆಂದು ಮೈದಾ, ಚಿರೋಟಿ ರವೆ ಸೇರಿಸುತ್ತಾರೆ. ಮದ್ದೂರು ವಡೆಯ ಹಿಟ್ಟಿನಲ್ಲೂ ರವೆ, ಮೈದಾ ಇವೆ. ಚೀನೀ ತಿಂಡಿಯ ಸೋಯಾ ಸಾಸ್‌ನಲ್ಲೂ ಗೋಧಿ ಇರುತ್ತದೆ.

ಮೂರನೆಯದು ಹಿಟ್ಟಿನ ಗಿರಣಿ. ನಮ್ಮ ಕಡೆಯವರು ಜೋಳದ ರೊಟ್ಟಿ ತಿನ್ನುವವರು, ಭಯವೇನು ಎನ್ನುತ್ತೇವೆ. ಆದರೆ ಗಿರಣಿಯಲ್ಲಿ ಮುಂದಿನವರ ಐದು ಕಿಲೋ ಗೋಧಿ ಬೀಸಿದ ಕಲ್ಲಿಗೇ ನಮ್ಮ ಜೋಳ ಸುರಿದರೆ ಆ ಗೋಧಿ ಹಿಟ್ಟು ನಮ್ಮ ಡಬ್ಬಿಗೆ ಬರುತ್ತದೆ. ನನ್ನ ತಂಗಿ ಮೊದಲ ಆರು ತಿಂಗಳು ಮಗಳಿಗೆ ಜೋಳದ ರೊಟ್ಟಿಯನ್ನೇ ಕೊಟ್ಟರೂ ಮಗು ಚೇತರಿಸಿಕೊಳ್ಳದೆ ಇದ್ದದ್ದಕ್ಕೆ ಕಾರಣ ಇದೇ ಎಂದು ವೈದ್ಯರು ಹೇಳಿದ ಮೇಲೆ ಮನೆಗೇ ಸಣ್ಣ ಗಿರಣಿ ಬಂತು. ಅಷ್ಟು ಸಾಧ್ಯವಾಗದವರು ಜೋಳ, ರಾಗಿ, ಅಕ್ಕಿ ಮಾತ್ರ ಬೀಸುವ ಗಿರಣಿ ಹುಡುಕಿಕೊಳ್ಳಬೇಕು.

ಚಪಾತಿ ಬೇಯಿಸಿದ ಹಂಚಿನ ಮೇಲೆ ದೋಸೆ, ಪೂರಿ ಕರಿದ ಎಣ್ಣೆಯಲ್ಲಿ ಹಪ್ಪಳ, ಕೇಸರಿಬಾತಿನ ಸೌಟು ಅನ್ನದ ಪಾತ್ರೆಗೆ, ಇವೂ ಅದೇ ಸಾಲಿಗೆ ಸೇರುತ್ತವೆ. ಈ ದೃಷ್ಟಿಯಿಂದ ನೋಡಿದರೆ ಬಫೆಗಿಂತ ನಮ್ಮ ಹಿರಿಯರ ಬಾಳೆ ಎಲೆಯ ಪಂಕ್ತಿಯೇ ಮೇಲು. ಎಲೆ ಅವರವರದೇ, ಬಡಿಸುವವನು ಬೇಡವೆಂದದ್ದನ್ನು ಬಿಟ್ಟು ಮುಂದೆ ಹೋಗುತ್ತಾನೆ.

ಹಬ್ಬಗಳ ಪಟ್ಟಿ ತೆರೆದು ನೋಡಿದರೆ

ಸಂತೋಷದ ವಿಷಯವೆಂದರೆ ನಮ್ಮ ಅಡುಗೆಯಲ್ಲಿ ಗೋಧಿ ಇಲ್ಲದ ಹಬ್ಬದೂಟಕ್ಕೆ ಬಡತನವಿಲ್ಲ. ಸಂಕ್ರಾಂತಿಯ ಎಳ್ಳು ಬೆಲ್ಲ, ಸಕ್ಕರೆ ಅಚ್ಚು, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆಯ ಬದಲು ಶೇಂಗಾ ಉಂಡಿ. ನೆರೆಮನೆಯ ತೆಲುಗರು ಕಳಿಸುವ ಅರಿಸೆಲು, ಸಕಿನಾಲು ಎರಡೂ ಅಕ್ಕಿ ಹಿಟ್ಟಿನವು. ಅರಿಸೆಲು ಎಂದರೆ ನಮ್ಮ ಕಜ್ಜಾಯವೇ ತಾನೆ! ಎಳ್ಳಮಾವಾಸ್ಯೆಗೆ ಬೀದರ್, ಕಲಬುರಗಿ ಕಡೆಯ ಹೊಲಗಳಲ್ಲಿ ಉಣ್ಣುವ ಭಜ್ಜಿ, ಸಜ್ಜೆ ಕಡುಬು, ಜೋಳದ ಬಾನ, ಅಂಬಲಿಗಳಲ್ಲಿ ಗೋಧಿಯ ಸುಳಿವಿಲ್ಲ. ನಾಗರ ಪಂಚಮಿಯ ಉಂಡಿಗಳಲ್ಲಿ ರವೆ ಉಂಡಿ ಒಂದನ್ನು ಬಿಟ್ಟರೆ ಶೇಂಗಾ, ಎಳ್ಳು, ಕಡಲೆ ಹಿಟ್ಟು ಎಲ್ಲವೂ ಉಂಟು. ಗಣೇಶನಿಗೆ ಹಳೇ ಮೈಸೂರಿನ ಕಡೆ ಮಾಡುವ ಅಕ್ಕಿ ಹಿಟ್ಟಿನ ಹಬೆಯ ಕಡುಬು, ಇಲ್ಲಿನವರ ಉಂಡ್ರಾಳ್ಳು ಇವೆ. ದೀಪಾವಳಿಗೆ ಮೈಸೂರುಪಾಕು, ಬೂಂದಿ, ಕರದಂಟು, ಧಾರವಾಡ ಪೇಡೆ. ಜಾಮೂನು, ಚಿರೋಟಿ, ಬಾಲೂಶಾಹಿ, ಜಿಲೇಬಿ ಮಾತ್ರ ಬೇಡ.

ಯುಗಾದಿಯ ಹೋಳಿಗೆಗೆ ಏನು ಮಾಡುವುದು? ಹೂರಣ ಕಡಲೆಬೇಳೆ, ಬೆಲ್ಲದ್ದು. ಕಣಕ ಮಾತ್ರ ಮೈದಾ ಅಥವಾ ರವೆಯದು. ನಮ್ಮ ಮನೆಯಲ್ಲಿ ಕಣಕ ಕಲಸುವ ಮುಂಚೆಯೇ ಹೂರಣ ತೆಗೆದಿಟ್ಟು ಅಕ್ಕಿ ಹಿಟ್ಟಿನ ಹಾಳೆಯಲ್ಲಿ ತುಂಬಿ ಹೂರಣ ಕಡುಬು ಮಾಡುತ್ತಾರೆ. ಮೊದಲ ವರ್ಷ ಅದು ಮಗುವಿಗೆ ಮಾತ್ರ ಎಂದು ನಾಲ್ಕೇ ಮಾಡಿದ್ದರು. ಮರುವರ್ಷದಿಂದ ಎಲ್ಲರ ಎಲೆಗೂ ಎರಡೆರಡು ಬೀಳುವಷ್ಟು ಮಾಡುತ್ತಾರೆ. ಮಗುವಿನ ಮುಖ ಅರಳಿದ್ದು ಆ ಎರಡನೇ ವರ್ಷ.

ಉಪವಾಸದ ದಿನ ಇನ್ನೊಂದು ವಿಚಿತ್ರ. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಒಪ್ಪೊತ್ತಿನ ದಿನ, ಶ್ರಾದ್ಧದ ರಾತ್ರಿ ಅನ್ನ ಬಿಟ್ಟು ಫಲಾಹಾರವೆಂದು ಉಪ್ಪಿಟ್ಟು, ಚಪಾತಿ ತಿನ್ನುತ್ತಾರೆ. ಅಂದರೆ ಆಗುವ ಧಾನ್ಯ ಬಿಟ್ಟು ಆಗದ ಧಾನ್ಯ! ಅಂಥ ದಿನ ಸಾಬುದಾಣಿ, ಹಣ್ಣು, ಹಾಲು, ಶೇಂಗಾ ಇದ್ದರಾಯಿತು. ಮನೆಯ ಸಂಪ್ರದಾಯ ಒಪ್ಪುವುದಾದರೆ ಅವಲಕ್ಕಿಯೂ ಸರಿ.

ಪ್ರಸಾದ ಬೇಡವೆನ್ನುವುದು ಹೇಗೆ?

ಎಲ್ಲಕ್ಕಿಂತ ಸೂಕ್ಷ್ಮವಾದದ್ದು ಪ್ರಸಾದದ ವಿಷಯ. ಗೃಹಪ್ರವೇಶ, ಮದುವೆಯ ಮರುದಿನ, ಹುಣ್ಣಿಮೆ, ನಮ್ಮವರಲ್ಲಿ ಸತ್ಯನಾರಾಯಣ ಪೂಜೆ ತಪ್ಪುವುದಿಲ್ಲ. ಅದರ ಪ್ರಸಾದ ಸಪಾದ ಭಕ್ಷ್ಯ, ರವೆ, ತುಪ್ಪ, ಸಕ್ಕರೆ, ಹಾಲು, ಬಾಳೆಹಣ್ಣು ಸಮನಾಗಿ ಸೇರಿಸಿ ಮಾಡಿದ್ದು. ಪ್ರಸಾದ ಸ್ವೀಕರಿಸದೆ ಓಡಿದ ಕಲಾವತಿಯ ಗಂಡ ಹಡಗಿನ ಸಮೇತ ಕಣ್ಮರೆಯಾದ ಕಥೆಯನ್ನು ಆಗತಾನೇ ಕೇಳಿ ಕುಳಿತ ಹೆಣ್ಣುಮಗು ಪ್ರಸಾದ ಬೇಡ ಎಂದರೆ ಸುತ್ತಲಿನವರ ಮುಖ ಹೇಗಾಗಬೇಡ? ಮಗುವಿಗಂತೂ ಭಯವೇ. 'ನಾ ತಿನ್ನದಿದ್ರ ಅಪ್ಪಗ ಏನರ ಆಗ್ತದೇನು ಮಾಮಾ?' ಎಂದು ನನ್ನನ್ನು ಒಮ್ಮೆ ಕೇಳಿದ್ದಳು.

ಇದಕ್ಕೆ ಉತ್ತರ ಅದೇ ಕಥೆಯಲ್ಲಿದೆ. ಮೊದಲ ಅಧ್ಯಾಯದಲ್ಲಿ ನೈವೇದ್ಯದ ಪದಾರ್ಥಗಳನ್ನು ಹೇಳುವಾಗ ಬಾಳೆಹಣ್ಣು, ತುಪ್ಪ, ಹಾಲು, ಗೋಧಿಯ ಹಿಟ್ಟು ಎಂದು ಹೇಳಿ, ಅದು ಇಲ್ಲವಾದಲ್ಲಿ ಅಕ್ಕಿಯ ಹಿಟ್ಟಾದರೂ ಆಗಬಹುದು, ಸಕ್ಕರೆ ಇಲ್ಲವಾದರೆ ಬೆಲ್ಲವಾದರೂ ಆಗಬಹುದು ಎಂದಿದೆ. ಪೂಜೆ ಮಾಡಿಸುವ ಆಚಾರ್ಯರನ್ನು ಕೇಳಿ ನೋಡಿ, ಅವರೇ ಹೇಳುತ್ತಾರೆ. ನಮ್ಮ ತಂಗಿಯ ಮನೆಯಲ್ಲಿ ಈಗ ಅಕ್ಕಿ ತರಿಯಿಂದಲೇ ಸಪಾದ ಭಕ್ಷ್ಯ ಮಾಡುತ್ತಾರೆ. ಮೊದಲು ಸಂಕೋಚಪಟ್ಟ ಆಕೆಯ ಅತ್ತೆಯವರಿಗೆ ಪುರೋಹಿತರೇ ಶ್ಲೋಕ ಓದಿ ಅರ್ಥ ಹೇಳಿದ ಮೇಲೆ ಮಾತು ಮುಗಿಯಿತು. ಬೇರೆಯವರ ಮನೆಗೆ ಹೋದಾಗ ಪಂಚಾಮೃತ, ಹಣ್ಣು ಸ್ವೀಕರಿಸಿ, ಸಜ್ಜಿಗೆಯನ್ನು ಕಣ್ಣಿಗೊತ್ತಿಕೊಂಡು ಮನೆಯವರ ಕೈಗೆ ಕೊಟ್ಟರೆ ಯಾವ ದೋಷವೂ ಇಲ್ಲ.

ಉಪಚಾರವೇ ಉಪದ್ರವವಾದಾಗ

ನಮ್ಮ ಜನ ಕೆಟ್ಟವರಲ್ಲ, ಪ್ರೀತಿ ಜಾಸ್ತಿ. ಬೇಡವೆಂದಷ್ಟೂ ಬಡಿಸುವುದು ನಮ್ಮ ಸಂಸ್ಕಾರ. ಕೆಲವು ವರ್ಷಗಳ ಹಿಂದೆ ಬಂಧುಗಳೊಬ್ಬರ ಮದುವೆಯಲ್ಲಿ ಹಿರಿಯರೊಬ್ಬರು 'ಇಷ್ಟೀಟು ತಿಂದ್ರ ಏನಾಗ್ತದವ್ವ, ಗೋಧಿ ಹುಗ್ಗಿ ಗಟ್ಟಿ ಮಾಡ್ತದ' ಎಂದು ಮಗುವಿಗೆ ಎರಡು ಚಮಚ ತಿನ್ನಿಸಿಯೇ ಬಿಟ್ಟರು. ಹಿರಿಯರ ಮಾತು ಮೀರಲಾರದೆ ಮಗು ನುಂಗಿತು. ರಾತ್ರಿ ರೈಲಿನಲ್ಲಿ ಸಿಕಂದರಾಬಾದ್ ತಲುಪುವವರೆಗೂ ವಾಂತಿ. ಮುಂದಿನ ವಾರ ನಡೆದ ಪರೀಕ್ಷೆಗೂ ಕೂರಲಾಗಲಿಲ್ಲ. ಅದಕ್ಕಿಂತ ದೊಡ್ಡ ನಷ್ಟ ಎಂದರೆ ಆಮೇಲೆ ಎರಡು ವರ್ಷ ಆಕೆ ಯಾವ ಮದುವೆಗೂ ಬರಲೊಪ್ಪಲಿಲ್ಲ. ಊಟದ ಭಯಕ್ಕೆ ನೆಂಟರೇ ದೂರವಾದರು.

ಎಲ್ಲರಿಗೂ ತಕ್ಷಣ ವಾಂತಿಯಾಗುತ್ತದೆ ಎಂದೂ ಅಲ್ಲ. ಏನೂ ಆಗದಂತೆ ಕಂಡರೂ ಒಳಗೆ ಕರುಳು ಸವೆಯುತ್ತಿರುತ್ತದೆ. ಹೀಗಾಗಿ ತಿಂದು ಸುಮ್ಮನಿದ್ದರಲ್ಲ, ಏನೂ ಆಗಲಿಲ್ಲವಲ್ಲ ಎಂಬ ವಾದ ನಿಲ್ಲುವುದಿಲ್ಲ.

ಮನೆಯವರು ಮಾಡಬೇಕಾದದ್ದು ಒಂದಿದೆ. ಹೊರಡುವ ಮುನ್ನಾ ದಿನವೇ ಕರೆದವರಿಗೆ ಫೋನ್ ಮಾಡಿ ಹೇಳುವುದು. 'ವೈನಿ, ನಮ್ಮ ಹುಡುಗಿಗೆ ಅನ್ನ, ಹಸೇ ಮೊಸರು, ಇಂಗು ಹಾಕದ ಬ್ಯಾಳಿ ತೆಗೆದಿಟ್ಟರ ಸಾಕು, ಸಿಹಿ ನಾವು ತರ್ತೀವಿ' ಎಂದರೆ ಯಾರೂ ಬೇಸರಪಡುವುದಿಲ್ಲ. ಬಡಿಸುವ ಹೊತ್ತಿಗೆ ಹೇಳಿದರೆ ಇಬ್ಬರಿಗೂ ಮುಜುಗರ. ಸಿಹಿ ಒಯ್ಯುವಾಗ ಒಬ್ಬರಿಗಾಗುವಷ್ಟಲ್ಲ, ಹತ್ತು ಜನಕ್ಕಾಗುವಷ್ಟು ಒಯ್ಯಿರಿ.

ಯಾತ್ರೆ, ಪ್ರವಾಸಕ್ಕೆ ಹೊರಟಾಗ

ನಾವು ಹೈದರಾಬಾದಿಗರು ವರ್ಷಕ್ಕೊಮ್ಮೆಯಾದರೂ ಊರಿಗೆ, ಮಂತ್ರಾಲಯಕ್ಕೆ, ಗಾಣಗಾಪುರಕ್ಕೆ, ತಿರುಪತಿಗೆ ಹೋಗುವವರು. ರೈಲಿನ ಊಟವನ್ನು ನಂಬುವ ಬದಲು ಕಟ್ಟಿಕೊಂಡು ಹೋಗುವುದೇ ಲೇಸು. ಖಡಕ್ ಜೋಳದ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ. ಶೇಂಗಾ ಹಿಂಡಿ, ಅಗಸಿ ಹಿಂಡಿ, ಮನೆಯ ಇಂಗು ಹಾಕಿದ ಪುಳಿಯೋಗರೆ, ಹಚ್ಚಿದ ಅವಲಕ್ಕಿ, ಚುರುಮುರಿ, ಬಾಳೆಹಣ್ಣು ಇದ್ದರೆ ಎರಡು ದಿನ ನಿಶ್ಚಿಂತೆ. ಅಜ್ಜಿಯರು ಕಟ್ಟಿಕೊಡುತ್ತಿದ್ದ ಬುತ್ತಿಯೂ ಇದೇ ಆಗಿತ್ತು.

ತಿರುಮಲದ ಲಡ್ಡು ಕಡಲೆ ಹಿಟ್ಟು, ಸಕ್ಕರೆ, ತುಪ್ಪ, ಗೋಡಂಬಿ, ದ್ರಾಕ್ಷಿ, ಏಲಕ್ಕಿಯದು. ಅದರ ಪದಾರ್ಥಗಳಲ್ಲಿ ಗೋಧಿ ಇಲ್ಲ. ಧರ್ಮಸ್ಥಳ, ಹೊರನಾಡು, ಉಡುಪಿಯಂಥ ಕ್ಷೇತ್ರಗಳ ಊಟದಲ್ಲಿ ಅನ್ನವೇ ಪ್ರಧಾನವಾದ್ದರಿಂದ ಹಸಿವಿನಿಂದ ಇರಬೇಕಾಗಿಲ್ಲ. ಸಾರು, ಹುಳಿ, ಪಾಯಸದ ಬಗ್ಗೆ ಮಾತ್ರ ಬಡಿಸುವವರನ್ನು ವಿಚಾರಿಸಿಕೊಳ್ಳಬೇಕು.

ಹೋಟೆಲುಗಳಲ್ಲಿ 'ಗ್ಲೂಟೆನ್' ಎಂದರೆ ಯಾರಿಗೂ ತಿಳಿಯುವುದಿಲ್ಲ. 'ಗೋಧಿ ಇಲ್ಲ ಸಾರ್' ಎಂದು ಹೇಳಿದ ಹೆದ್ದಾರಿಯ ಒಂದು ಹೋಟೆಲಿನಲ್ಲಿ ಆಗಷ್ಟೇ ಪರೋಟ ಬೇಯಿಸಿದ ಹಂಚಿನ ಮೇಲೆ ದೋಸೆ ಹಾಕಿದ್ದನ್ನು ಕಣ್ಣಾರೆ ಕಂಡಿದ್ದೇವೆ. ಅವರ ತಪ್ಪೆಂದು ಜಗಳವಾಡುವಂತಿಲ್ಲ, ಅವರಿಗೆ ತಿಳಿದಿರಲಿಲ್ಲ. ಆದ್ದರಿಂದ ಪದಾರ್ಥಗಳ ಹೆಸರನ್ನೇ ಹೇಳಬೇಕು. ತಂಗಿ ಒಂದು ಚೀಟಿ ಬರೆದು ಪರ್ಸಿನಲ್ಲಿಟ್ಟುಕೊಂಡಿದ್ದಾಳೆ. ತೆಲುಗಿನಲ್ಲಿ ಗೋಧುಮ ಪಿಂಡಿ, ಮೈದಾ, ಬೊಂಬಾಯಿ ರವ್ವ, ಬಾರ್ಲಿ ತಿನಕೂಡದು ಎಂದೂ, ಹಿಂದಿಯಲ್ಲಿ ಗೇಹೂಂ, ಆಟಾ, ಮೈದಾ, ಸೂಜಿ, ದಲಿಯಾ, ಜೌ ನಹೀಂ ಎಂದೂ ಬರೆದಿದೆ. ಜೊತೆಗೆ 'ಹಂಚು, ಎಣ್ಣೆ ಬೇರೆ ಇರಲಿ' ಎಂಬ ಸಾಲು. ಅಡುಗೆಯವರ ಕೈಗೆ ಆ ಚೀಟಿ ಕೊಟ್ಟರೆ ಅರ್ಧ ಕೆಲಸವಾಯಿತು. ಜನಸಂದಣಿಯ ಹೊತ್ತು ತಪ್ಪಿಸಿ ಬೇಗ ಹೋದರೆ ಅವರಿಗೂ ಕೇಳುವ ಪುರುಸೊತ್ತು ಇರುತ್ತದೆ.

ಕಾಶಿ, ಹರಿದ್ವಾರದ ಕಡೆ ಹೋದಾಗ ಪೂರಿ, ಕಚೋರಿಯ ನಾಡೆಂದು ಹೆದರಬೇಕಾಗಿಲ್ಲ. ಅಲ್ಲಿನವರ ವ್ರತದ ಅಡುಗೆ ಗೋಧಿಯನ್ನೇ ಬಿಟ್ಟದ್ದು. ಕುಟ್ಟು, ಸಿಂಘಾಡ, ರಾಜಗಿರಿ, ಸಾಬುದಾಣಿಯ ತಿಂಡಿಗಳು ನವರಾತ್ರಿಯಲ್ಲಿ ಧಾರಾಳ. ಕುಟ್ಟುವಿಗೆ ಇಂಗ್ಲಿಷಿನಲ್ಲಿ ಬಕ್‌ವೀಟ್ ಎನ್ನುತ್ತಾರಾದರೂ ಅದಕ್ಕೂ ಗೋಧಿಗೂ ಸಂಬಂಧವಿಲ್ಲ.

ಮಕ್ಕಳನ್ನು ನೋಡಲು ವಿದೇಶಕ್ಕೆ ಹೋಗುವವರಿಗೆ ಎರಡು ಮಾತು. ಹಲವು ಅಂತರರಾಷ್ಟ್ರೀಯ ವಿಮಾನಗಳಲ್ಲಿ ಗ್ಲೂಟೆನ್ ಇಲ್ಲದ ಊಟವನ್ನು ಮುಂಚಿತವಾಗಿ ಕೇಳಿ ಇಡಿಸಿಕೊಳ್ಳಬಹುದು. ಟಿಕೆಟ್ ಮಾಡಿಸುವಾಗಲೇ ಹೇಳಿದರೆ ಚಿಂತೆಯಿಲ್ಲ. ಅಮೆರಿಕದಲ್ಲಿ ಗ್ಲೂಟೆನ್ ಮುಕ್ತ ಚೀಟಿಗೆ 2013ರಿಂದ ನಮ್ಮಂತೆಯೇ ಕಿಲೋಗೆ 20 ಮಿಲಿಗ್ರಾಂನ ಮಿತಿ ಇದೆ. ಯುರೋಪಿನಲ್ಲಿ 2014ರ ಡಿಸೆಂಬರ್‌ನಿಂದ ಹೋಟೆಲುಗಳೂ ಕೇಳಿದವರಿಗೆ ಇದನ್ನು ತಿಳಿಸಬೇಕೆಂಬ ಕಾನೂನಿದೆ. ನಮ್ಮ ದೇಶದಲ್ಲೂ 2020ರ ನಿಯಮಾವಳಿಯಂತೆ ಪ್ಯಾಕೆಟ್ ತಿನಿಸಿನ ಮೇಲೆ ಗೋಧಿ, ಬಾರ್ಲಿ, ರೈ, ಓಟ್ಸ್ ಮುಂತಾದವು ಇದ್ದರೆ ನಮೂದಿಸಲೇಬೇಕು. ಬಿಡಿಯಾಗಿ ತೂಗಿ ಕೊಡುವ ಸಿಹಿಯಂಗಡಿಯಲ್ಲಿ ಮಾತ್ರ ಓದಲು ಚೀಟಿಯೇ ಇರುವುದಿಲ್ಲ.

ನಮ್ಮ ಊರಿನ ಅನುಕೂಲ

ಹೈದರಾಬಾದ್ ಈ ವಿಷಯದಲ್ಲಿ ವಾಸಿ. ಸಂಜೆಯಾದರೆ ಎಷ್ಟೋ ಬೀದಿಗಳಲ್ಲಿ ಹೆಣ್ಣುಮಕ್ಕಳು ಒಲೆ ಹೂಡಿ ಜೊನ್ನ ರೊಟ್ಟೆ ತಟ್ಟಿ ಮಾರುತ್ತಾರೆ. ಜೋಳವನ್ನು ಮಾತ್ರ ತಟ್ಟುವವರು ಸಿಕ್ಕರೆ ನಮಗೆ ಅದೇ ಹಬ್ಬ. ಸರ್ವ ಪಿಂಡಿ ಅಕ್ಕಿ ಹಿಟ್ಟು ಮತ್ತು ಶೇಂಗಾದ್ದು. ಮಾಂಸಾಹಾರಿಗಳು ಹಲೀಮ್ ಬಿಡಬೇಕು, ಅದರಲ್ಲಿ ಮಾಂಸದಷ್ಟೇ ಗೋಧಿಯೂ ಮುಖ್ಯ. ಬಿರಿಯಾನಿ ಅಕ್ಕಿಯದೇ, ಆದರೆ ಮೇಲೆ ಉದುರಿಸುವ ಕರಿದ ಈರುಳ್ಳಿಯ ಬಗ್ಗೆ ಕೇಳಿಕೊಳ್ಳಬೇಕು. ಡಬಲ್ ಕಾ ಮೀಠಾ ಬ್ರೆಡ್ಡಿನದು, ಬೇಡ. ಅದರ ಬದಲು ಖುಬಾನಿ ಕಾ ಮೀಠಾ ತಿನ್ನಬಹುದು. ಇರಾನಿ ಚಹಾ ಕುಡಿಯಬಹುದು, ಉಸ್ಮಾನಿಯಾ ಬಿಸ್ಕತ್ತು ಅದ್ದುವಂತಿಲ್ಲ!

ಬೀದರ್, ಕಲಬುರಗಿ, ರಾಯಚೂರು ಸೀಮೆ 1956ರವರೆಗೆ ಹೈದರಾಬಾದ್ ರಾಜ್ಯದಲ್ಲೇ ಇತ್ತು. ಆ ಸೀಮೆಯ ಜೋಳದ ಊಟ ಈ ನಗರಕ್ಕೆ ಹೊಸದಲ್ಲ. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷವೆಂದು ಆಚರಿಸಿದ ಮೇಲಂತೂ ನಾವು ಬಡವರ ಊಟವೆಂದು ಮರೆಯುತ್ತಿದ್ದ ಸಜ್ಜೆ, ನವಣೆ, ರಾಗಿ ಮತ್ತೆ ಅಂಗಡಿಯ ಮುಂದಿನ ಸಾಲಿಗೆ ಬಂದಿವೆ.

ಸಂಘಗಳು ಏನು ಮಾಡಬಹುದು?

ಕಾಚಿಗೂಡದ ಕರ್ನಾಟಕ ಸಾಹಿತ್ಯ ಮಂದಿರವಿರಲಿ, ನಗರದ ಬೇರೆ ಬೇರೆ ಬಡಾವಣೆಗಳ ಕನ್ನಡ ಸಂಘಗಳಿರಲಿ, ರಾಜ್ಯೋತ್ಸವ, ಯುಗಾದಿ, ದಸರೆಯ ಸಮಾರಂಭಗಳಲ್ಲಿ ಊಟ ಇದ್ದೇ ಇರುತ್ತದೆ. ಕಾರ್ಯಕಾರಿ ಸಮಿತಿಯವರಲ್ಲಿ ಕೆಲವು ವಿನಂತಿಗಳು.

ಒಂದು, ಎರಡು ಸಿಹಿ ಮಾಡಿಸುವಾಗ ಒಂದಾದರೂ ಅಕ್ಕಿ, ಬೇಳೆ ಅಥವಾ ಹಾಲಿನದಾಗಿರಲಿ. ಹೆಸರುಬೇಳೆ ಪಾಯಸವೋ ಮೈಸೂರುಪಾಕೋ ಎಲ್ಲರೂ ತಿನ್ನುವಂಥದೇ. ಬೇರೆ ಎಲೆ, ಬೇರೆ ಮೂಲೆ ಬೇಕಾಗಿಲ್ಲ.

ಎರಡು, ಅಡುಗೆಯವರಿಗೆ ಇಂಗನ್ನು ಸಂಘದಿಂದಲೇ ತಂದುಕೊಡಿ, ಗೋಧಿ ಬೆರೆಸದ್ದು. ಇನ್ನೂರು ಜನರ ಸಾರು, ಹುಳಿಗೆ ಬೇಕಾಗುವ ಇಂಗು ಎಷ್ಟು ಮಹಾ? ಸಭಾಂಗಣದ ಬಾಡಿಗೆ, ಶಾಮಿಯಾನದ ಖರ್ಚಿನ ಮುಂದೆ ಆ ವ್ಯತ್ಯಾಸ ಖಾತೆಯಲ್ಲಿ ಕಾಣಿಸುವುದೂ ಇಲ್ಲ. ಈ ಒಂದು ಬದಲಾವಣೆಯಿಂದ ಅರ್ಧಕ್ಕರ್ಧ ಅಡುಗೆ ಎಲ್ಲರ ಪಾಲಾಗುತ್ತದೆ.

ಮೂರು, ಬಫೆ ಇದ್ದರೆ ಚಪಾತಿ, ಪೂರಿಯ ಮೇಜು ಅನ್ನದ ಸಾಲಿನಿಂದ ದೂರವಿರಲಿ, ಪ್ರತಿ ಪಾತ್ರೆಗೂ ಅದರದೇ ಸೌಟಿರಲಿ. ಹಪ್ಪಳ ಮೊದಲು ಕರಿದು ಆಮೇಲೆ ಪೂರಿಗೆ ಎಣ್ಣೆ ಬಳಸಲಿ.

ನಾಲ್ಕು, ಆಹ್ವಾನ ಪತ್ರಿಕೆಯ ಕೆಳಗೆ 'ಆಹಾರದಲ್ಲಿ ನಿರ್ಬಂಧವಿರುವವರು ಎರಡು ದಿನ ಮುಂಚೆ ತಿಳಿಸಿ' ಎಂದು ಒಂದು ಸಾಲು ಹಾಕಿಸಿ. ಅಂಥವರನ್ನು ಮೊದಲ ಪಂಕ್ತಿಯಲ್ಲೇ ಕೂರಿಸಿ. ಪಾತ್ರೆಗಳು ಕಲಬೆರಕೆಯಾಗುವ ಮುಂಚೆ ಅವರ ಊಟ ಮುಗಿಯುತ್ತದೆ.

ಐದು, ಬಡಿಸುವ ಸ್ವಯಂಸೇವಕರಿಗೆ ಒಂದು ಮಾತು ತಿಳಿಸಿ: ಯಾರಾದರೂ ಬೇಡವೆಂದರೆ ಒತ್ತಾಯ ಬೇಡ, ಕಾರಣವನ್ನೂ ಕೇಳಬೇಡಿ. ಸಕ್ಕರೆ ಕಾಯಿಲೆಯ ಹಿರಿಯರು, ಶೇಂಗಾ ಆಗದ ಮಕ್ಕಳು, ಹಾಲು ಒಗ್ಗದವರು, ಎಲ್ಲರಿಗೂ ಇದರಿಂದ ಉಪಕಾರವಾಗುತ್ತದೆ.

ಪರವೂರಿನಲ್ಲಿರುವ ನಮಗೆ ಸಂಘದ ಊಟವೆಂದರೆ ಹೊಟ್ಟೆಗಿಂತ ಹೆಚ್ಚಾಗಿ ನಮ್ಮವರ ಜೊತೆ ಕುಳಿತ ಸಮಾಧಾನ. ಗೋಧಿ ಆಗದ ಮಗುವಿಗೂ ಕನ್ನಡದ ಪಂಕ್ತಿಯಲ್ಲಿ ಅದೇ ಸಮಾಧಾನ ಸಿಗಬೇಕಲ್ಲವೇ? ಊಟಕ್ಕೆ ಹೆದರಿ ಮನೆಯಲ್ಲೇ ಉಳಿಯುವ ಮಕ್ಕಳು ನಾಳೆ ಸಂಘಕ್ಕೂ ಬರುವುದಿಲ್ಲ, ಕನ್ನಡಕ್ಕೂ ಬರುವುದಿಲ್ಲ. ಮುಂದಿನ ಸಮಾರಂಭದ ಅಡುಗೆಯ ಪಟ್ಟಿ ಬರೆಯುವಾಗ ನಮ್ಮ ಸಂಘಗಳ ಪದಾಧಿಕಾರಿಗಳು ಈ ವಿಷಯವನ್ನೂ ಪರಿಶೀಲಿಸಲಿ ಎಂಬುದು ನನ್ನ ಮನವಿ. ತಮ್ಮ ಮನೆಯಲ್ಲೂ ಇಂಥ ತೊಂದರೆ ಇರುವವರು ಸಂಕೋಚ ಬಿಟ್ಟು ಸಮಿತಿಯವರಿಗೆ ತಿಳಿಸಲಿ.